ಆಹಾರದ ಸಂಶೋಧನೆ ಓದಿ ಊಟ ಬದಲಿಸುವ ಮುನ್ನ

ಜೊನಾಥನ್ ಶೋನ್‌ಫೆಲ್ಡ್ ಮತ್ತು ಜಾನ್ ಇಯೋನಿಡಿಸ್ ಎಂಬ ಇಬ್ಬರು ಸಂಶೋಧಕರು ಒಮ್ಮೆ ಅಡುಗೆ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ ಆರಿಸಿದ ಹಾಗೆ ಅದರಿಂದ 50 ಪದಾರ್ಥಗಳನ್ನು ತೆಗೆದುಕೊಂಡು, ಅವುಗಳಲ್ಲಿ ಎಷ್ಟಕ್ಕೆ ಕ್ಯಾನ್ಸರಿನ ಜತೆ ನಂಟು ಇದೆಯೇ ಎಂದು ಅಧ್ಯಯನಗಳು ನಡೆದಿವೆ ಎಂಬುದನ್ನು ಹುಡುಕಿದರು. 2013ರಲ್ಲಿ ಪ್ರಕಟವಾದ ಅವರ ಬರಹದ ಪ್ರಕಾರ 50ರಲ್ಲಿ 40 ಪದಾರ್ಥಗಳ ಮೇಲೆ ಅಂಥ ಅಧ್ಯಯನಗಳಿದ್ದವು. ಹೆಚ್ಚಿನವು ಆ ಪದಾರ್ಥ ಕ್ಯಾನ್ಸರಿನ ಅಪಾಯವನ್ನು ಹೆಚ್ಚಿಸುತ್ತದೆ ಎಂದೋ ತಗ್ಗಿಸುತ್ತದೆ ಎಂದೋ ಹೇಳಿದ್ದವು. ಹಾಗೆ ಹೇಳಲು ಇದ್ದ ಆಧಾರ ಮಾತ್ರ ಬಹುಪಾಲು ತೆಳುವಾಗಿತ್ತು. ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಒಂಟಿ ಅಧ್ಯಯನದಲ್ಲಿ ದೊಡ್ಡದಾಗಿ ಕಂಡ ಪರಿಣಾಮ ಕುಗ್ಗಿಹೋಗುತ್ತಿತ್ತು.

ಆಹಾರದ ಸಂಶೋಧನೆಯೆಲ್ಲ ಟೊಳ್ಳು ಎಂದು ಹೇಳಲು ನಾನು ಇದನ್ನು ಎತ್ತಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ಬಹಳ ಒಳ್ಳೆಯ ಕೆಲಸ ನಡೆದಿದೆ, ಅದರಲ್ಲಿ ಕೆಲವನ್ನು ಮುಂದೆ ವಿವರವಾಗಿಯೇ ಹೇಳುತ್ತೇನೆ. ಆದರೆ ಪ್ರತಿ ಸುದ್ದಿಗೂ ಊಟದಿಂದ ಒಂದೊಂದು ಪದಾರ್ಥವನ್ನು ತೆಗೆಯುತ್ತ ಬಂದು, ಕೊನೆಗೆ ತಿನ್ನುವುದೆಂದರೇ ಭಯಪಡುವ ಸ್ಥಿತಿ ತಲುಪಿದವರನ್ನು ಹತ್ತಿರದಿಂದ ಕಂಡಿದ್ದೇನೆ. ಅಂಥವರ ನೆನಪಿನಲ್ಲೇ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ. ಮೊದಲ ನಾಲ್ಕು ಹೆಜ್ಜೆಗಳು ಸುದ್ದಿಯನ್ನು ಓದುವುದಕ್ಕೆ, ಉಳಿದ ನಾಲ್ಕು ಓದಿದ್ದನ್ನು ದಿನನಿತ್ಯದ ನಡವಳಿಕೆಗೆ ತರುವುದಕ್ಕೆ.

ಮೊದಲ ಹೆಜ್ಜೆ: ಗಮನಿಸಿದ್ದೋ, ಪ್ರಯೋಗ ಮಾಡಿದ್ದೋ ನೋಡಿ

ಆಹಾರದ ಅಧ್ಯಯನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸಂಶೋಧಕರು ಸಾವಿರಾರು ಜನರನ್ನು ಏನೇನು ತಿನ್ನುತ್ತೀರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ, ವರ್ಷಗಟ್ಟಲೆ ಕಾಯುತ್ತಾರೆ, ಯಾರಿಗೆ ಯಾವ ಕಾಯಿಲೆ ಬಂತು ಎಂದು ನೋಡುತ್ತಾರೆ. ಯಾರ ಊಟವನ್ನೂ ಬದಲಿಸುವುದಿಲ್ಲ. ಇದು ವೀಕ್ಷಣಾ ಅಧ್ಯಯನ. ಇನ್ನೊಂದರಲ್ಲಿ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಬಗೆಯ ಆಹಾರವನ್ನೂ ಇನ್ನೊಂದಕ್ಕೆ ಬೇರೆಯದನ್ನೂ ಕೊಟ್ಟು ಹೋಲಿಸುತ್ತಾರೆ. ಇದು ಯಾದೃಚ್ಛಿಕ ಪ್ರಯೋಗ.

ಮೊದಲ ಬಗೆಯ ತೊಡಕು ಏನೆಂದರೆ, ಮನುಷ್ಯರ ಅಭ್ಯಾಸಗಳು ಒಂಟಿಯಾಗಿ ಬರುವುದಿಲ್ಲ, ಗೊಂಚಲಾಗಿ ಬರುತ್ತವೆ. ತರಕಾರಿ ಹೆಚ್ಚು ತಿನ್ನುವವರು ಸಿಗರೇಟು ಕಡಿಮೆ ಸೇದುವವರೂ, ಹೆಚ್ಚು ನಡೆಯುವವರೂ, ಕಾಲಕಾಲಕ್ಕೆ ವೈದ್ಯರ ಬಳಿ ಹೋಗಲು ಅನುಕೂಲವಿರುವವರೂ ಆಗಿರುವ ಸಾಧ್ಯತೆ ಹೆಚ್ಚು. ಅವರು ಆರೋಗ್ಯವಾಗಿದ್ದರೆ ಅದರಲ್ಲಿ ತರಕಾರಿಯ ಪಾಲೆಷ್ಟು, ಉಳಿದವುಗಳ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಈ ತೊಡಕು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ, ಕ್ಯಾರೆಟ್ಟಿಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೋಟೀನ್ ಎಂಬ ಅಂಶದ ಕಥೆಯೇ ಸಾಕ್ಷಿ. ಬೀಟಾ ಕ್ಯಾರೋಟೀನ್ ಹೆಚ್ಚಿರುವ ಹಣ್ಣು ತರಕಾರಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ವೀಕ್ಷಣಾ ಅಧ್ಯಯನಗಳು ಒಂದರ ಮೇಲೊಂದರಂತೆ ತೋರಿಸಿದವು. ಹಾಗಾದರೆ ಅದನ್ನೇ ಮಾತ್ರೆಯಾಗಿ ಕೊಟ್ಟರೆ ಹೇಗೆ ಎಂದು ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವುದಿರಲಿ, ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸ ಮಾಡಿದವರ ಮೇಲೆ, ಬೀಟಾ ಕ್ಯಾರೋಟೀನ್ ಜತೆಗೆ ವಿಟಮಿನ್ ಎ ಕೂಡ ಸೇರಿಸಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿ ಕ್ಯಾನ್ಸರ್ ಶೇ. 28ರಷ್ಟು ಹೆಚ್ಚಾದದ್ದು ಕಂಡು, 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. ಇದರಿಂದ ಹಣ್ಣು ತರಕಾರಿ ಕೆಟ್ಟದ್ದೆಂದು ತಿಳಿಯಬಾರದು. ಊಟದೊಳಗಿನ ಒಂದು ಅಂಶವನ್ನು ಹಿಂಡಿ ತೆಗೆದು ಮಾತ್ರೆ ಮಾಡಿದರೆ ಅದು ಊಟದ ಕೆಲಸ ಮಾಡುತ್ತದೆ ಎಂಬ ನಂಬಿಕೆಗೆ ಆಧಾರವಿರಲಿಲ್ಲ, ಅಷ್ಟೇ.

ವೀಕ್ಷಣಾ ಅಧ್ಯಯನವೆಂದರೆ ಬದಿಗಿಡಬೇಕು ಎಂದೂ ಅಲ್ಲ. ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ತಿಳಿದದ್ದೇ ಆ ದಾರಿಯಿಂದ. ಅಲ್ಲಿ ಅಪಾಯ ಹಲವು ಪಟ್ಟು ಹೆಚ್ಚಿತ್ತು, ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಅದೇ ಫಲಿತಾಂಶ ಬಂತು. ಒಂದು ಪದಾರ್ಥದಿಂದ ಶೇ. 10ರಷ್ಟು ವ್ಯತ್ಯಾಸ ಎಂದು ಒಂದೇ ಅಧ್ಯಯನ ಹೇಳಿದಾಗ ಆ ಬಲ ಇರುವುದಿಲ್ಲ. ಸುದ್ದಿಯಲ್ಲಿ ‘ನಂಟು ಕಂಡುಬಂದಿದೆ’ ಎಂದಿದ್ದರೆ ಅದನ್ನು ‘ಕಾರಣವಾಗಿದೆ’ ಎಂದು ಮನಸ್ಸಿನಲ್ಲೇ ತಿದ್ದಿಕೊಂಡು ಓದದಿರಿ.

ಎರಡನೇ ಹೆಜ್ಜೆ: ಶೇಕಡಾ ಲೆಕ್ಕವನ್ನು ತಲೆ ಲೆಕ್ಕಕ್ಕೆ ಇಳಿಸಿ

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ (ಸಾಸೇಜ್, ಬೇಕನ್ ಮುಂತಾದವು) ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ. 18ರಷ್ಟು ಹೆಚ್ಚುತ್ತದೆ ಎಂದು ಹೇಳಿ, ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ತಂಬಾಕು ಇರುವ ಒಂದನೇ ಗುಂಪಿಗೆ ಸೇರಿಸಿತು. ಹಾಗಾದರೆ ಎರಡೂ ಒಂದೇ ಎಂದು ಅನೇಕರು ತಿಳಿದರು. ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಶೇ. 18ನ್ನು ಹೀಗೆ ಬಿಡಿಸಿ ನೋಡಿ. ಒಂದು ಕಾಯಿಲೆ ಜೀವಮಾನದಲ್ಲಿ 100 ಜನರಲ್ಲಿ 5 ಮಂದಿಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಅದರ ಅಪಾಯ ಶೇ. 18 ಹೆಚ್ಚಿದರೆ 5 ಇದ್ದದ್ದು ಹತ್ತಿರ ಹತ್ತಿರ 6 ಆಗುತ್ತದೆ, 23 ಆಗುವುದಿಲ್ಲ. 100 ಜನರಲ್ಲಿ ಒಬ್ಬರು ಎಂಬುದು ಕಡೆಗಣಿಸುವ ಸಂಖ್ಯೆಯಲ್ಲ, ಇಡೀ ದೇಶಕ್ಕೆ ಲೆಕ್ಕ ಹಾಕಿದರೆ ದೊಡ್ಡದೇ. ಆದರೆ ಅಪರೂಪಕ್ಕೊಮ್ಮೆ ತಿಂದ ತುಣುಕಿಗೆ ರಾತ್ರಿಯೆಲ್ಲ ನಿದ್ದೆಗೆಡುವ ಸಂಖ್ಯೆಯೂ ಅಲ್ಲ.

ಲಾಭದ ಲೆಕ್ಕಕ್ಕೂ ಇದೇ ಅಳತೆ. ಸ್ಪೇನಿನಲ್ಲಿ ಹೃದ್ರೋಗದ ಅಪಾಯ ಹೆಚ್ಚಿದ್ದ 7,447 ಮಂದಿಯ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗ, ಆಲಿವ್ ಎಣ್ಣೆ ಅಥವಾ ಗಟ್ಟಿ ಬೀಜಗಳನ್ನು ಸೇರಿಸಿದ ಮೆಡಿಟರೇನಿಯನ್ ಊಟದಿಂದ (ತರಕಾರಿ, ಹಣ್ಣು, ಬೇಳೆಕಾಳು, ಮೀನು ಹೆಚ್ಚಿರುವ ಊಟ) ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಸಾವು ಒಟ್ಟಾಗಿ ಸುಮಾರು ಶೇ. 30 ಕಡಿಮೆಯಾದವು ಎಂದು 2013ರಲ್ಲಿ ಹೇಳಿತು. ತಲೆ ಲೆಕ್ಕಕ್ಕೆ ಇಳಿಸಿದರೆ, ಐದು ವರ್ಷಕ್ಕೆ ಹತ್ತಿರದ ಅವಧಿಯಲ್ಲಿ ಹೋಲಿಕೆಯ ಗುಂಪಿನಲ್ಲಿ 100ಕ್ಕೆ 4.4 ಮಂದಿಗೆ ಹೀಗಾದರೆ, ಎಣ್ಣೆಯ ಗುಂಪಿನಲ್ಲಿ 3.8, ಬೀಜದ ಗುಂಪಿನಲ್ಲಿ 3.4 ಮಂದಿಗೆ ಆಯಿತು. ನಿಜವಾದ ಲಾಭ, ಆದರೆ ಪವಾಡವಲ್ಲ.

ಈ ಪ್ರಯೋಗದ ಮುಂದಿನ ಭಾಗವನ್ನೂ ತಿಳಿದಿರಬೇಕು. ಜಾನ್ ಕಾರ್ಲೈಲ್ ಎಂಬ ಬ್ರಿಟಿಷ್ ಅರಿವಳಿಕೆ ತಜ್ಞರು ಪ್ರಕಟಿತ ಪ್ರಯೋಗಗಳ ಅಂಕಿಗಳನ್ನು ಜರಡಿ ಹಿಡಿಯುವಾಗ ಇದರ ಗುಂಪು ವಿಂಗಡಣೆಯಲ್ಲಿ ಏನೋ ಎಡವಟ್ಟು ಕಂಡರು. ವಿಚಾರಿಸಿ ನೋಡಿದಾಗ ಕೆಲವೆಡೆ ಒಂದೇ ಮನೆಯವರನ್ನೆಲ್ಲ ಒಂದೇ ಗುಂಪಿಗೆ ಹಾಕಿದ್ದು, ಒಂದು ಕಡೆಯಂತೂ ಇಡೀ ಕ್ಲಿನಿಕ್ಕನ್ನೇ ಒಂದು ಗುಂಪು ಮಾಡಿದ್ದು ಹೊರಬಂತು. ಸಂಶೋಧಕರು 2018ರಲ್ಲಿ ಹಳೆಯ ಲೇಖನವನ್ನು ಹಿಂಪಡೆದು, ಲೆಕ್ಕವನ್ನೆಲ್ಲ ಮತ್ತೆ ಮಾಡಿ, ಮಾತಿನ ಬಿರುಸನ್ನು ತಗ್ಗಿಸಿ ಮರುಪ್ರಕಟಿಸಿದರು. ತಪ್ಪನ್ನು ಹೀಗೆ ಎಲ್ಲರೆದುರು ತಿದ್ದಿಕೊಂಡದ್ದರಿಂದ ಆ ಅಧ್ಯಯನದ ಮೇಲೆ ನನಗೆ ಗೌರವ ಹೆಚ್ಚಿದೆ.

ಮೂರನೇ ಹೆಜ್ಜೆ: ಎಷ್ಟು ಜನ, ಎಷ್ಟು ದಿನ, ಏನನ್ನು ಅಳೆದರು

2015ರಲ್ಲಿ ಜಾನ್ ಬೊಹಾನನ್ ಎಂಬ ವಿಜ್ಞಾನ ಪತ್ರಕರ್ತರು, ಕಳಪೆ ಸಂಶೋಧನೆ ಎಷ್ಟು ಸುಲಭವಾಗಿ ಸುದ್ದಿಯಾಗುತ್ತದೆ ಎಂದು ತೋರಿಸಲು, ಚಾಕೊಲೇಟಿನ ಬಗ್ಗೆ ಬೇಕೆಂದೇ ಒಂದು ಕಳಪೆ ಪ್ರಯೋಗ ನಡೆಸಿದರು. ಕೇವಲ 15 ಜನರ ಮೇಲೆ, ಮೂರು ವಾರ ಕಾಲ, ತೂಕ, ಕೊಲೆಸ್ಟ್ರಾಲ್, ನಿದ್ದೆಯ ಗುಣಮಟ್ಟ ಎಂದು 18 ಬಗೆಯ ಅಳತೆಗಳನ್ನು ತೆಗೆದರು. ಇಷ್ಟು ಅಳತೆಗಳಲ್ಲಿ ಒಂದಾದರೂ ಬರೀ ಆಕಸ್ಮಿಕವಾಗಿ ‘ಮಹತ್ವದ್ದು’ ಎಂದು ಕಾಣಿಸಿಕೊಳ್ಳುವ ಸಾಧ್ಯತೆ ಶೇ. 60ರಷ್ಟಿರುತ್ತದೆ. ಹಾಗೆ ಕಾಣಿಸಿಕೊಂಡದ್ದು ತೂಕ. ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ ಎಂಬ ಸುದ್ದಿ ಹಲವು ದೇಶಗಳ ಪತ್ರಿಕೆಗಳಲ್ಲಿ ಅಚ್ಚಾಯಿತು.

ಹಾಗೆಂದು ಚಿಕ್ಕ ಅಧ್ಯಯನವೆಲ್ಲ ದುರ್ಬಲವಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರು 20 ಮಂದಿ ಮಾತ್ರ. ಆದರೆ ಅವರು ನಾಲ್ಕು ವಾರ ಆಸ್ಪತ್ರೆಯಲ್ಲೇ ಉಳಿದಿದ್ದರು, ಬಾಯಿಗೆ ಹೋದ ಪ್ರತಿ ತುತ್ತಿಗೂ ಲೆಕ್ಕವಿತ್ತು. ಎರಡು ವಾರ ಅತಿ ಸಂಸ್ಕರಿತ ಆಹಾರ (ಬಿಸ್ಕತ್ತು, ಚಿಪ್ಸ್‌ನಂಥ, ಕಾರ್ಖಾನೆಯಲ್ಲಿ ತಯಾರಾದ ತಿನಿಸು), ಎರಡು ವಾರ ಸಂಸ್ಕರಿಸದ ಆಹಾರ. ಮುಂದಿಟ್ಟ ತಟ್ಟೆಯಲ್ಲಿನ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸಮ, ಬೇಕಾದಷ್ಟು ತಿನ್ನಲು ಬಿಡುವು. ಅತಿ ಸಂಸ್ಕರಿತ ಆಹಾರ ಕೊಟ್ಟ ವಾರಗಳಲ್ಲಿ ಅವರು ದಿನಕ್ಕೆ ಸರಾಸರಿ 508 ಕ್ಯಾಲೊರಿ ಹೆಚ್ಚು ತಿಂದರು, ಹೆಚ್ಚು ವೇಗವಾಗಿ ತಿಂದರು, 0.9 ಕೆ.ಜಿ. ತೂಕ ಏರಿಸಿಕೊಂಡರು, ಇನ್ನೊಂದರಲ್ಲಿ ಅಷ್ಟೇ ಇಳಿಸಿಕೊಂಡರು. ಎರಡೂ ಊಟ ಹೆಚ್ಚು ಕಡಿಮೆ ಒಂದೇ ರೀತಿ ರುಚಿಯಾಗಿವೆ ಎಂದು ಅವರೇ ಹೇಳಿದ್ದರು. ಬಾಯಿಚಪಲವನ್ನು ದೂರುವ ಮುನ್ನ ಎದುರಿಗಿರುವ ಆಹಾರದ ಸ್ವರೂಪವನ್ನು ನೋಡಬೇಕು ಎಂದು ನಾನು ಕಲಿತದ್ದು ಈ ಅಧ್ಯಯನದಿಂದ.

ನಡವಳಿಕೆಯ ಸಂಶೋಧನೆಯಲ್ಲಿ ಇನ್ನೊಂದು ಎಚ್ಚರ ಬೇಕು. ಚಿಕ್ಕ ತಟ್ಟೆ, ಕಣ್ಣಿಗೆ ಬೀಳುವ ಡಬ್ಬಿ, ಬಟ್ಟಲಿನ ಗಾತ್ರ ಮುಂತಾದವುಗಳ ಬಗ್ಗೆ ಬಹಳ ಹೆಸರು ಮಾಡಿದ ಬ್ರಯಾನ್ ವಾನ್ಸಿಂಕ್ ಅವರ ಆರು ಲೇಖನಗಳನ್ನು 2018ರಲ್ಲಿ ಒಂದೇ ದಿನ ಹಿಂಪಡೆಯಲಾಯಿತು. ಅವರು ಸಂಶೋಧನಾ ನಿಯಮಗಳನ್ನು ಮೀರಿದ್ದಾರೆಂದು ಅವರಿದ್ದ ಕಾರ್ನೆಲ್ ವಿಶ್ವವಿದ್ಯಾಲಯವೇ ತೀರ್ಮಾನಿಸಿತು. ಆ ಕಾಲದ ಎಷ್ಟೋ ‘ಸುಲಭ ಉಪಾಯ’ಗಳು ಈಗಲೂ ಬಾಯಿಂದ ಬಾಯಿಗೆ ಹರಿದಾಡುತ್ತಿವೆ. ಆದ್ದರಿಂದ ಒಂದು ಲೇಖನ ಹಿಂಪಡೆದದ್ದೇ ಎಂದು ಅದರ ಹೆಸರು ಹಾಕಿ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು.

ನಾಲ್ಕನೇ ಹೆಜ್ಜೆ: ಹಲವು ದಾರಿಗಳು ಒಂದೆಡೆ ಸೇರುವುದನ್ನು ಹುಡುಕಿ

ಒಂಟಿ ಅಧ್ಯಯನ ಎಷ್ಟೇ ಚೆನ್ನಾಗಿರಲಿ, ಅದನ್ನೇ ನೆಚ್ಚಿ ಊಟ ಬದಲಿಸಬೇಕಿಲ್ಲ. ಉಪ್ಪಿನ ವಿಷಯ ನೋಡಿ. ಉಪ್ಪು ಕಡಿಮೆ ಮಾಡಿದರೆ ರಕ್ತದೊತ್ತಡ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಮೇಲೆ ಚೀನಾದ 600 ಹಳ್ಳಿಗಳಲ್ಲಿ 20,995 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಡುಗೆ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಕ್ಲೋರೈಡಿಗೆ ಬದಲಿಸಿದಾಗ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಮೂರು ಕಡೆಯಿಂದ ಒಂದೇ ಮಾತು ಬಂದಿದೆ, ಇದನ್ನು ನಂಬಬಹುದು. ಆದರೆ ಮೂತ್ರಪಿಂಡದ ಕಾಯಿಲೆ ಇರುವವರು, ರಕ್ತದಲ್ಲಿ ಪೊಟ್ಯಾಸಿಯಂ ಏರಿಸುವ ಔಷಧ ತೆಗೆದುಕೊಳ್ಳುವವರು ಇಂಥ ಬದಲಿ ಉಪ್ಪನ್ನು ವೈದ್ಯರನ್ನು ಕೇಳದೆ ಬಳಸಲೇಬಾರದು.

ಬದಲಾಗಿ, ಯಾವ ಪಥ್ಯ ಶ್ರೇಷ್ಠ ಎಂಬ ಜಗಳದಲ್ಲಿ ದಾರಿಗಳು ಒಂದೆಡೆ ಸೇರುವುದಿಲ್ಲ. ಸ್ಟ್ಯಾನ್‌ಫೋರ್ಡಿನಲ್ಲಿ ಕ್ರಿಸ್ಟೋಫರ್ ಗಾರ್ಡ್ನರ್ ಅವರ ತಂಡ 609 ಮಂದಿಯನ್ನು ಕೊಬ್ಬು ಕಡಿಮೆ ತಿನ್ನುವವರು, ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಕಡಿಮೆ ತಿನ್ನುವವರು ಎಂದು ಎರಡು ಗುಂಪು ಮಾಡಿ ವರ್ಷವಿಡೀ ನೋಡಿತು. 2018ರಲ್ಲಿ ಬಂದ ಫಲಿತಾಂಶದಲ್ಲಿ ಮೊದಲ ಗುಂಪು ಸರಾಸರಿ 5.3 ಕೆ.ಜಿ., ಎರಡನೆಯದು 6 ಕೆ.ಜಿ. ಇಳಿದಿದ್ದವು, ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಒಂದೊಂದು ಗುಂಪಿನ ಒಳಗೇ ಇದ್ದ ವ್ಯತ್ಯಾಸ ಮಾತ್ರ ಅಗಾಧ: ಕೆಲವರು 30 ಕೆ.ಜಿ.ಯಷ್ಟು ಇಳಿದಿದ್ದರೆ ಕೆಲವರು 10 ಕೆ.ಜಿ.ಯಷ್ಟು ಏರಿದ್ದರು. ಯಾರಿಗೆ ಯಾವುದು ಹೊಂದುತ್ತದೆ ಎಂದು ಅವರ ವಂಶವಾಹಿಗಳನ್ನು ನೋಡಿ ಊಹಿಸುವ ಪ್ರಯತ್ನವೂ ಫಲ ಕೊಡಲಿಲ್ಲ. ದಿನದಲ್ಲಿ ಎಂಟು ಗಂಟೆಯೊಳಗೆ ಊಟ ಮುಗಿಸುವ ಪದ್ಧತಿಯದ್ದೂ ಹೆಚ್ಚು ಕಡಿಮೆ ಇದೇ ಕಥೆ. ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿಯ ಮೇಲೆ ಒಂದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾಲೊರಿ ಸಮವಾಗಿ ಕಡಿಮೆ ಮಾಡಿದ ಮೇಲೆ ಹೊತ್ತಿನ ಕಟ್ಟುಪಾಡಿನಿಂದ ಸ್ಪಷ್ಟವಾದ ಹೆಚ್ಚಿನ ಲಾಭ ಕಾಣಲಿಲ್ಲ.

ಇದು ನಿರಾಸೆಯ ಸುದ್ದಿಯಲ್ಲ. ನಿಮ್ಮ ನಾಲಿಗೆಗೆ, ನಿಮ್ಮ ಕೆಲಸದ ವೇಳೆಗೆ ಹೊಂದುವುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ನಿಮಗೆ ಇದರಿಂದಲೇ ಸಿಗುತ್ತದೆ.

ಐದನೇ ಹೆಜ್ಜೆ: ಬದಲಿಸುವ ಮುನ್ನ ಏಳು ದಿನ ಬರೆಯಿರಿ

ಓದು ಇಲ್ಲಿಗೆ ಸಾಕು. ಇನ್ನು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಪುಟದಲ್ಲಿ ನಾಲ್ಕು ಅಂಕಣ ಎಳೆಯಿರಿ: ಎಷ್ಟು ಹೊತ್ತಿಗೆ, ಏನು, ಎಲ್ಲಿ, ಅದಕ್ಕೆ ಸ್ವಲ್ಪ ಮೊದಲು ಏನು ಮಾಡುತ್ತಿದ್ದಿರಿ. ತಿಂದ ಕೂಡಲೇ ಬರೆಯಬೇಕು, ರಾತ್ರಿ ಕುಳಿತು ನೆನಪು ಮಾಡಿಕೊಂಡು ಬರೆದರೆ ಪ್ರಯೋಜನವಿಲ್ಲ. ಈ ವಾರ ಯಾವುದನ್ನೂ ಬದಲಿಸಬೇಡಿ, ಕ್ಯಾಲೊರಿಯನ್ನೂ ಎಣಿಸಬೇಡಿ.

ನೆನಪನ್ನು ಏಕೆ ನಂಬಬಾರದು ಎಂಬುದಕ್ಕೆ 1992ರ ಒಂದು ಅಧ್ಯಯನ ಹೆಸರಾಗಿದೆ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದ ಹತ್ತು ಮಂದಿಯನ್ನು ಕರಾರುವಾಕ್ಕಾದ ವಿಧಾನಗಳಿಂದ ಅಳೆದಾಗ, ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿಯೂ, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿಯೂ ವರದಿ ಮಾಡಿದ್ದರು ಎಂದು ತಿಳಿದುಬಂತು. ಇದನ್ನು ಸುಳ್ಳು ಎಂದು ಕರೆದು ಅವರನ್ನು ನೋಯಿಸುವುದು ಅನ್ಯಾಯ. ಊಟ ನೆನಪಿನಲ್ಲಿ ಉಳಿಯುತ್ತದೆ, ನಡುನಡುವೆ ಬಾಯಿಗೆ ಹಾಕಿಕೊಂಡದ್ದು ಉಳಿಯುವುದಿಲ್ಲ. ಎಲ್ಲರ ನೆನಪೂ ಹೀಗೆಯೇ.

ನಾನು ಮೊದಲ ಸಲ ಹೀಗೆ ಬರೆದಾಗ ಊಟದ ಸಾಲುಗಳೆಲ್ಲ ನಾನು ಎಣಿಸಿದ ಹಾಗೆಯೇ ಇದ್ದವು. ನಾಲ್ಕನೇ ದಿನದ ಪುಟದ ಕೊನೆಯ ಸಾಲು ಮಾತ್ರ ಹೀಗಿತ್ತು: ‘ರಾತ್ರಿ 10.45, ಬಿಸ್ಕತ್ತು ಮೂರು, ಅಡುಗೆಮನೆ, ನೀರು ಕುಡಿಯಲು ಹೋಗಿದ್ದೆ.’ ಹಿಂದಿನ ಪುಟಗಳನ್ನು ತಿರುವಿದರೆ ಮೂರು ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ‘ನೀರು ಕುಡಿಯಲು’. ಬಿಸ್ಕತ್ತಿನ ಡಬ್ಬಿ ಇದ್ದದ್ದು ನೀರಿನ ಪಾತ್ರೆಯ ಪಕ್ಕದಲ್ಲಿ. ಹಸಿವು ಎಂಬ ಪದ ಆ ನಾಲ್ಕು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ವಾರದ ಕೊನೆಗೆ ನಿಮ್ಮ ಪುಟಗಳಲ್ಲೂ ಹೀಗೆ ಮರುಕಳಿಸುವ ಒಂದು ಸಾಲು ಸಿಗುತ್ತದೆ, ಅದರ ಕೆಳಗೆ ಗೆರೆ ಎಳೆಯಿರಿ.

ಆರನೇ ಹೆಜ್ಜೆ: ಒಂದನ್ನೇ ಆರಿಸಿ, ಮನಸ್ಸಿಗಿಂತ ಮೊದಲು ಜಾಗವನ್ನು ಬದಲಿಸಿ

ಗೆರೆ ಎಳೆದ ಸಾಲಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಒಟ್ಟೊಟ್ಟಿಗೆ ಐದು ಬದಲಾವಣೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ, ಒಂದು ತಪ್ಪಿದರೆ ಐದೂ ಕುಸಿದುಬೀಳುತ್ತವೆ.

ನನ್ನ ಬದಲಾವಣೆ ಬಹಳ ಸಣ್ಣದು. ಡಬ್ಬಿಯನ್ನು ಏಣಿ ಹಾಕಿದರಷ್ಟೇ ಎಟುಕುವ ಅಟ್ಟಕ್ಕೆ ಏರಿಸಿದೆ, ರಾತ್ರಿಯ ನೀರನ್ನು ಬಾಟಲಿಯಲ್ಲಿ ತುಂಬಿ ಹಾಸಿಗೆಯ ಪಕ್ಕ ಇಟ್ಟುಕೊಂಡೆ. ಬಿಸ್ಕತ್ತು ತಿನ್ನುವುದಿಲ್ಲ ಎಂದು ಶಪಥವೇನೂ ಮಾಡಲಿಲ್ಲ. ಬಡಿಸುವ ಪ್ರಮಾಣದ ವಿಷಯದಲ್ಲೂ ಇದೇ ಸೂತ್ರ. ಹೆಚ್ಚು ಮುಂದಿಟ್ಟರೆ ಜನ ಹೆಚ್ಚು ತಿನ್ನುತ್ತಾರೆ ಎಂಬುದನ್ನು 2015ರಲ್ಲಿ ಕಾಕ್ರೇನ್ ಸಂಸ್ಥೆ 72 ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿತು. ಆದ್ದರಿಂದ ಪಾತ್ರೆಯನ್ನು ಊಟದ ಜಾಗಕ್ಕೆ ತರದೆ, ತಟ್ಟೆಗೆ ಬಡಿಸಿಕೊಂಡು ಬಂದು ಕೂರುವುದು ಆರಂಭಕ್ಕೆ ಒಳ್ಳೆಯ ಆಯ್ಕೆ. ಅತಿ ಸಂಸ್ಕರಿತ ತಿನಿಸು ನಿಮ್ಮ ಪುಟಗಳಲ್ಲಿ ಹೆಚ್ಚಿದ್ದರೆ, ಅದನ್ನು ನಿಷೇಧಿಸುವ ಬದಲು ದಿನದ ಯಾವುದಾದರೂ ಒಂದು ಹೊತ್ತಿನ ಜಾಗಕ್ಕೆ ಮನೆಯಲ್ಲಿ ಬೇಯಿಸಿದ್ದನ್ನು ಅಥವಾ ಹಣ್ಣನ್ನು ತಂದಿಡಿ.

ಮರುಕಳಿಸುವ ಸಾಲು ತಡರಾತ್ರಿಯದ್ದಾಗಿದ್ದರೆ, ಬದಲಿಸಬೇಕಾದದ್ದು ಊಟವೇ ಅಲ್ಲದಿರಬಹುದು. ಷಿಕಾಗೊ ವಿಶ್ವವಿದ್ಯಾಲಯದ ಎಸ್ರಾ ತಸಾಲಿ ಮತ್ತು ಸಂಗಡಿಗರು, ರಾತ್ರಿ ಆರೂವರೆ ಗಂಟೆಗಿಂತ ಕಡಿಮೆ ಮಲಗುತ್ತಿದ್ದ, ತೂಕ ಹೆಚ್ಚಿದ್ದ 80 ಮಂದಿಯ ಮೇಲೆ ಪ್ರಯೋಗ ನಡೆಸಿದರು. ಊಟದ ಬಗ್ಗೆ ಒಂದು ಮಾತೂ ಹೇಳದೆ, ಹೆಚ್ಚು ಹೊತ್ತು ಮಲಗುವುದು ಹೇಗೆಂದು ಅರ್ಧದಷ್ಟು ಜನರಿಗೆ ಸಲಹೆ ಕೊಟ್ಟರು. ಅವರ ನಿದ್ದೆ ಸುಮಾರು 1.2 ಗಂಟೆ ಹೆಚ್ಚಿತು. ಇನ್ನೊಂದು ಗುಂಪಿಗೆ ಹೋಲಿಸಿದರೆ ಅವರು ತಿನ್ನುವುದು ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆಯಾಯಿತು. 2022ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಇದರಲ್ಲಿ ಬಾಯಿ ಕಟ್ಟುವ ಪ್ರಶ್ನೆಯೇ ಇಲ್ಲ.

ಏಳನೇ ಹೆಜ್ಜೆ: ‘ಯಾವಾಗ’ ಎಂಬುದನ್ನು ಮೊದಲೇ ಗಂಟು ಹಾಕಿ

‘ಇನ್ನು ಮೇಲೆ ಹಣ್ಣು ಜಾಸ್ತಿ ತಿನ್ನುತ್ತೇನೆ’ ಎಂದು ಬರೆದರೆ ಅದು ಆಸೆ. ‘ಬೆಳಗಿನ ತಿಂಡಿಯ ತಟ್ಟೆ ತೊಳೆದಿಟ್ಟ ಕೂಡಲೇ ಒಂದು ಹಣ್ಣು ತೊಳೆದು ಚೀಲಕ್ಕೆ ಹಾಕುತ್ತೇನೆ’ ಎಂದು ಬರೆದರೆ ಅದು ಯೋಜನೆ. ಹೀಗೆ ‘ಇದು ಆದಾಗ ಅದನ್ನು ಮಾಡುತ್ತೇನೆ’ ಎಂದು ಮೊದಲೇ ನಿಶ್ಚಯಿಸುವ ವಿಧಾನವನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ಅಭ್ಯಾಸ ಮಾಡಿದ್ದಾರೆ. ಅವರು ಪಾಸ್ಕಲ್ ಶೀರನ್ ಜತೆಗೂಡಿ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದಾಗ, ಬರೀ ಗುರಿ ಇಟ್ಟುಕೊಂಡವರಿಗಿಂತ ಹೀಗೆ ಗಂಟು ಹಾಕಿಕೊಂಡವರು ಗುರಿ ಮುಟ್ಟುವುದು ಸಾಕಷ್ಟು ಹೆಚ್ಚು ಎಂದು ಕಂಡಿತು. ಗಂಟು ಹಾಕುವಾಗ, ನೀವು ಈಗಾಗಲೇ ತಪ್ಪದೆ ಮಾಡುವ ಕೆಲಸವನ್ನೇ ಆರಿಸಿಕೊಳ್ಳಿ. ಗಡಿಯಾರದ ಹೊತ್ತಿಗಿಂತ ಅದು ಹೆಚ್ಚು ನಂಬಿಗಸ್ತ.

21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಮಾತನ್ನು ಮರೆತುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಗೆ ತಿನ್ನುವ, ಕುಡಿಯುವ ಅಥವಾ ವ್ಯಾಯಾಮದ ಒಂದು ಹೊಸ ಕೆಲಸವನ್ನು ದಿನವೂ ಒಂದೇ ಸಂದರ್ಭದಲ್ಲಿ ಮಾಡಲು ಹೇಳಿ 12 ವಾರ ನೋಡಿದರು. ಆ ಕೆಲಸ ತಾನಾಗಿಯೇ ಆಗುವ ಮಟ್ಟ ತಲುಪಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂದು ಲೆಕ್ಕ ಬಂತು. ಇದಕ್ಕಿಂತಲೂ ಮುಖ್ಯವಾದ ಮಾತು ಆ ಅಧ್ಯಯನದಲ್ಲಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವ ಅಡ್ಡಿಯೇನೂ ಆಗಲಿಲ್ಲ. ಒಂದು ದಿನ ತಪ್ಪಿತೆಂದು ಎಲ್ಲವನ್ನೂ ಕೈಬಿಟ್ಟವರು ದಯವಿಟ್ಟು ಈ ಸಾಲನ್ನು ಎರಡು ಸಲ ಓದಬೇಕು.

ಎಂಟನೇ ಹೆಜ್ಜೆ: ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿರಿ

1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆಯ ಮೇಲೆ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ದೇಹದ ತೂಕದ ಕಾಲುಭಾಗ ಕರಗಿತು. ಅವರ ನಡವಳಿಕೆ ಬದಲಾದ ಬಗೆಯನ್ನು ಓದಿದರೆ ಇಂದಿಗೂ ಮನಸ್ಸು ಕಲಕುತ್ತದೆ. ಕೊಟ್ಟ ಅಷ್ಟೇ ಊಟವನ್ನು ಗಂಟೆಗಟ್ಟಲೆ ಎಳೆದು ತಿನ್ನುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು, ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದ್ದರು. ಸಿಡುಕು, ಖಿನ್ನತೆ, ಜನರಿಂದ ದೂರ ಸರಿಯುವುದು ಹೆಚ್ಚಿತು. ಯಾವ ಪಥ್ಯದಲ್ಲಾದರೂ ದಿನವಿಡೀ ಊಟದ ಯೋಚನೆಯೇ ತುಂಬಿಕೊಳ್ಳತೊಡಗಿದರೆ, ಇತರರ ಜತೆ ಕೂತು ತಿನ್ನಲು ಹೆದರಿಕೆಯಾದರೆ, ತಿಂದ ಮೇಲೆ ಪಶ್ಚಾತ್ತಾಪ ಹಿಂಡಿದರೆ, ಅದನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ಹಿಂದೆ ಆಹಾರಕ್ಕೆ ಸಂಬಂಧಿಸಿದ ಮಾನಸಿಕ ತೊಂದರೆ ಇದ್ದವರಿಗೆ ಏಳು ದಿನದ ಬರವಣಿಗೆಯೂ ಬೇಡ.

ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು ಇವರ ಊಟದ ಬದಲಾವಣೆ ವೈದ್ಯರ ಸಲಹೆಯಿಂದಲೇ ಆಗಬೇಕು. ಊಟ ಸುಧಾರಿಸಿತೆಂದು ಔಷಧವನ್ನು ತಾನಾಗಿ ನಿಲ್ಲಿಸುವುದು ಎಲ್ಲಕ್ಕಿಂತ ಅಪಾಯ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಅವರ ತಂಡ ಖಿನ್ನತೆ ಇದ್ದ 67 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 12 ವಾರದ ಕೊನೆಗೆ ಆಹಾರ ಸಲಹೆ ಪಡೆದವರಲ್ಲಿ ಶೇ. 32 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಬರೀ ಒಡನಾಟ ಪಡೆದವರಲ್ಲಿ ಶೇ. 8 ಮಂದಿ. ಭರವಸೆ ಕೊಡುವ ಫಲಿತಾಂಶ. ಆದರೆ ಅವರಲ್ಲಿ ಬಹಳಷ್ಟು ಮಂದಿ ಚಿಕಿತ್ಸೆಯನ್ನು ಮುಂದುವರಿಸುತ್ತಲೇ ಊಟ ಬದಲಿಸಿದ್ದರು ಎಂಬುದು ಸುದ್ದಿಯ ತಲೆಬರಹದಲ್ಲಿ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ, ಹನ್ನೆರಡನೇ ವಾರ ಮತ್ತೆ ಏಳು ದಿನ ಅದೇ ನಾಲ್ಕು ಅಂಕಣಗಳಲ್ಲಿ ಬರೆದು, ಹಳೆಯ ಪುಟಗಳನ್ನು ಪಕ್ಕದಲ್ಲಿಟ್ಟು ನೋಡಿ. ತೂಕದ ಯಂತ್ರ ಏನು ಹೇಳುತ್ತದೆ ಎಂಬುದಕ್ಕಿಂತ ಮೊದಲು, ಗೆರೆ ಎಳೆದಿದ್ದ ಸಾಲು ಹೊಸ ಪುಟಗಳಲ್ಲಿ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಕಡಿಮೆಯಾಗಿದ್ದರೆ ಮುಂದಿನ ಸಾಲನ್ನು ಆರಿಸಿಕೊಳ್ಳಿ. ಕಡಿಮೆಯಾಗದಿದ್ದರೆ ತಿನಿಸನ್ನು ಬಿಟ್ಟು ನಾಲ್ಕನೇ ಅಂಕಣವನ್ನು, ಅಂದರೆ ತಿನ್ನುವ ಮೊದಲು ಏನು ಮಾಡುತ್ತಿದ್ದಿರಿ ಎಂಬುದನ್ನು, ಇನ್ನೊಮ್ಮೆ ಓದಿ. ಗಂಟು ಹಾಕಬೇಕಾದ ಜಾಗ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.